ಪಾಲಿನಿಂದ ಪಾರ್ಟಿಗೆ

ಯಾವುದಾದರೂ ತಾಲ್ಲೂಕು ಕೇಂದ್ರದಲ್ಲಿ ಒಂದು ದಿನ ಕಿವಿ ತೆರೆದುಕೊಂಡು ಓಡಾಡಿ ನೋಡಿ. ಕೋರ್ಟಿನ ಜಗಲಿಯಲ್ಲಿ ಗುಮಾಸ್ತ ವಕೀಲರಿಗೆ, ‘ನಮ್ ಪಾರ್ಟಿ ಇನ್ನೂ ಬಂದಿಲ್ಲ ಸಾರ್, ಡೇಟ್ ತಗೊಂಡುಬಿಡಿ’ ಎನ್ನುತ್ತಾನೆ. ಸಬ್‌ರಿಜಿಸ್ಟ್ರಾರ್ ಕಚೇರಿ ಎದುರಿನ ಟೀ ಅಂಗಡಿಯಲ್ಲಿ ಸೈಟು ಬ್ರೋಕರು ಫೋನಿಗೆ ಕೈ ಅಡ್ಡ ಹಿಡಿದು, ‘ಪಾರ್ಟಿ ಭಾರಿ ಐತೆ, ಕ್ಯಾಶ್ ರೆಡಿ ಐತೆ’ ಎಂದು ಪಿಸುಗುಡುತ್ತಾನೆ. ಬಸ್ ನಿಲ್ದಾಣದ ಪಕ್ಕದಲ್ಲಿ ಬಾವುಟ ಕಟ್ಟಿದ ಪಾರ್ಟಿ ಆಫೀಸು. ಸಂಜೆಯಾದರೆ ಹೊಸ ಬೈಕು ತಂದ ಹುಡುಗನನ್ನು ಗೆಳೆಯರು ಮುತ್ತಿಕೊಂಡು, ‘ಪಾರ್ಟಿ ಯಾವಾಗ ಮಗಾ?’ ಎನ್ನುತ್ತಾರೆ. ಚುನಾವಣೆಯ ಕಾಲವಾಗಿದ್ದರೆ, ಮತಯಂತ್ರ ಹಿಡಿದು ಹಳ್ಳಿಗೆ ಹೊರಟ ನೌಕರರ ತಂಡಕ್ಕೂ ಪೋಲಿಂಗ್ ಪಾರ್ಟಿ ಎಂದೇ ಹೆಸರು.

ಒಬ್ಬನಿಗೆ ಕಕ್ಷಿದಾರ, ಇನ್ನೊಬ್ಬನಿಗೆ ಗಿರಾಕಿ, ಮತ್ತೊಂದು ಕಡೆ ರಾಜಕೀಯ ಪಕ್ಷ, ಮಗದೊಂದು ಕಡೆ ಬಿರಿಯಾನಿ, ಕೊನೆಗೆ ಸರ್ಕಾರಿ ತಂಡ. ಇವೆಲ್ಲಕ್ಕೂ ಒಂದೇ ಶಬ್ದ. ಆದರೂ ಕೇಳಿಸಿಕೊಂಡವರಿಗೆ ಒಮ್ಮೆಯೂ ಗೊಂದಲವಾಗುವುದಿಲ್ಲ. ಈ ಅರ್ಥಗಳೆಲ್ಲ ಒಂದೇ ಬೇರಿನಿಂದ ಬಂದವು ಎಂಬುದು ಒಂದು ಸೋಜಿಗ. ಆ ಬೇರಿನಲ್ಲಿ ಕೂಡುವುದರ ಸುಳಿವೇ ಇಲ್ಲ, ಇರುವುದೆಲ್ಲ ಒಡೆಯುವುದು ಎಂಬುದು ಇನ್ನೂ ದೊಡ್ಡ ಸೋಜಿಗ.

ಲ್ಯಾಟಿನ್ ಭಾಷೆಯಲ್ಲಿ ‘ಪಾರ್ಸ್’ ಎಂದರೆ ಭಾಗ, ಪಾಲು. ಅದರಿಂದಾದ ಕ್ರಿಯಾಪದಕ್ಕೆ ಭಾಗ ಮಾಡು, ಹಂಚು ಎಂದರ್ಥ. ಹಳೆಯ ಫ್ರೆಂಚ್‌ನಲ್ಲಿ ಅದು ‘ಪಾರ್ತಿರ್’ ಆಯಿತು, ಭಾಗವಾದದ್ದು ‘ಪಾರ್ತಿ’ ಆಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಆಸ್ಥಾನಕ್ಕೂ ನ್ಯಾಯಾಲಯಕ್ಕೂ ಫ್ರೆಂಚೇ ಭಾಷೆಯಾಯಿತು. ಆ ದಾರಿಯಲ್ಲಿ ನುಸುಳಿಬಂದ ನೂರಾರು ಶಬ್ದಗಳ ಜೊತೆ, 1300ರ ಆಸುಪಾಸಿಗೆ, ಇದೂ ಇಂಗ್ಲಿಷಿನಲ್ಲಿ ನೆಲೆಯೂರಿತು. ಆಗ ಅದಕ್ಕಿದ್ದ ಅರ್ಥ ತುಂಡು, ಪಾಲು, ಒಂದು ಬದಿ. ಊಟದ ವಾಸನೆಯೂ ಅದರಲ್ಲಿರಲಿಲ್ಲ.

ಇದರ ದಾಯಾದಿಗಳನ್ನು ಗಮನಿಸಿದರೆ ಮನೆತನದ ಸ್ವಭಾವ ತಿಳಿಯುತ್ತದೆ. ಯಂತ್ರದ ಪಾರ್ಟು, ಆಸ್ತಿಯ ಪಾರ್ಟಿಷನ್, ವ್ಯಾಪಾರದ ಪಾರ್ಟ್ನರ್, ಸರ್ಕಾರದ ಡಿಪಾರ್ಟ್‌ಮೆಂಟ್, ಗೋಡೆ ಹಾಕಿ ಬೇರೆ ಮಾಡಿದ ಅಪಾರ್ಟ್‌ಮೆಂಟ್, ಹೋಟೆಲಿನಿಂದ ಕಟ್ಟಿಸಿಕೊಂಡು ಬರುವ ಪಾರ್ಸೆಲ್, ಎಲ್ಲವೂ ಹೋಳು ಮಾಡುವ ಇದೇ ವಂಶದವು. ಅಪಾಯ ಎಂಬ ಅರ್ಥದ ‘ಜೆಪರ್ಡಿ’ ಕೂಡ ಇದೇ ಮನೆಯದು. ಎರಡೂ ಕಡೆ ಸರಿಸಮನಾಗಿ ಹಂಚಿಹೋದ ಆಟಕ್ಕೆ ಫ್ರೆಂಚರು ‘ಜ್ಯೂ ಪಾರ್ತಿ’ ಎನ್ನುತ್ತಿದ್ದರು. ಯಾರು ಗೆಲ್ಲುತ್ತಾರೋ ಹೇಳಲಾಗದ ಸ್ಥಿತಿ, ಅಲ್ಲಿಂದ ಅನಿಶ್ಚಯ, ಅಲ್ಲಿಂದ ಅಪಾಯ. ಇಂದಿನ ಫ್ರೆಂಚ್‌ನಲ್ಲಿ ‘ಪಾರ್ತಿರ್’ ಎಂದರೆ ಹೊರಟುಹೋಗು. ಬೇರೆಯಾಗುವುದೇ ಅಗಲುವುದು ತಾನೆ?

ಈ ಹೋಳು ಮನುಷ್ಯನಾದದ್ದು ಮೊದಲು ನ್ಯಾಯಾಲಯದಲ್ಲಿ. ಒಂದು ವ್ಯಾಜ್ಯ ಎಂದರೆ ಇಬ್ಭಾಗವಾದ ವಿಷಯ. ಅದರ ಒಂದು ಭಾಗ ವಾದಿ, ಇನ್ನೊಂದು ಭಾಗ ಪ್ರತಿವಾದಿ. ಭಾಗಕ್ಕಿದ್ದ ಹೆಸರೇ ಆ ಭಾಗದಲ್ಲಿ ನಿಂತವನಿಗೂ ಅಂಟಿತು. ಕರಾರುಪತ್ರಗಳಲ್ಲಿ ಬರುವ ಒಂದನೇ ಪಾರ್ಟಿ, ಎರಡನೇ ಪಾರ್ಟಿ ಇದೇ ಲೆಕ್ಕ. ನಮ್ಮ ವಾಹನಗಳ ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಲ್ಲೂ ವಿಮೆ ಮಾಡಿಸಿದವರು ಒಂದನೆಯವರು, ವಿಮಾ ಕಂಪನಿ ಎರಡನೆಯವರು, ನಮ್ಮ ಗಾಡಿ ಯಾರಿಗೆ ಗುದ್ದಬಹುದೋ ಅವರೆಲ್ಲ ಮೂರನೆಯವರು. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಈ ಮೂರನೆಯವರ ರಕ್ಷಣೆಯನ್ನು. ಕರಾರಿಗೆ ಸಹಿ ಹಾಕದ, ಹೆಸರೂ ಗೊತ್ತಿಲ್ಲದ ದಾರಿಹೋಕನೂ ಒಂದು ಪಾರ್ಟಿ. ಕಾಯ್ದೆಯ ಕಣ್ಣಿನಲ್ಲಿ ಈ ಶಬ್ದಕ್ಕೆ ದ್ವೇಷವೂ ಇಲ್ಲ, ಸಂಭ್ರಮವೂ ಇಲ್ಲ. ‘ನಿನ್ನದು ಯಾವ ಭಾಗ?’ ಎಂಬ ಪ್ರಶ್ನೆ ಮಾತ್ರ ಇದೆ.

ಇಬ್ಬರಿಗೂ ಪಾಲಿರುವ ವಸ್ತುವಿಗೂ ಇದೇ ಹೆಸರು. ಅಕ್ಕಪಕ್ಕದ ಎರಡು ಮನೆಗಳಿಗೆ ಸೇರಿದ ಜಂಟಿ ಗೋಡೆಗೆ ಇಂಗ್ಲಿಷಿನಲ್ಲಿ ಪಾರ್ಟಿ ವಾಲ್. ಅಂಥ ಗೋಡೆಗಳ ತಗಾದೆ ತೀರಿಸಲೆಂದೇ ಬ್ರಿಟನ್ನಿನ ಪಾರ್ಲಿಮೆಂಟು 1996ರಲ್ಲಿ ಕಾಯ್ದೆ ಮಾಡಿತು. ಅಮೆರಿಕದ ಹಳ್ಳಿಗಳಲ್ಲಿ ಹಿಂದೆ ಹಲವು ಮನೆಗಳಿಗೆ ಒಂದೇ ಟೆಲಿಫೋನ್ ತಂತಿ ಇರುತ್ತಿತ್ತು, ಅದು ಪಾರ್ಟಿ ಲೈನ್. ಮನೆಗೊಂದು ಬಗೆಯ ಗಂಟೆ. ಗಂಟೆ ಯಾರದಾದರೂ ರಿಸೀವರ್ ಎತ್ತಿ ಕೇಳಿಸಿಕೊಳ್ಳುವ ಚಪಲ ಎಲ್ಲರದು. ಗೋಡೆಯಾಗಲಿ ತಂತಿಯಾಗಲಿ, ಬೇರೆ ಮಾಡುವುದೂ ಅದೇ, ಕೂಡಿಸುವುದೂ ಅದೇ. ಒಡೆಯುವ ಶಬ್ದ ಸೇರಿಸುವ ಶಬ್ದವಾಗುವ ಗುಟ್ಟು ಇಲ್ಲಿದೆ. ಯಾವುದನ್ನೇ ಭಾಗ ಮಾಡಿದರೂ ಆ ಭಾಗದ ಒಳಗಿರುವವರು ಒಟ್ಟಾಗುತ್ತಾರೆ.

ರಾಜಕೀಯದಲ್ಲಿ ಈ ಶಬ್ದ ಬಹುಕಾಲ ಬೈಗುಳಕ್ಕೆ ಹತ್ತಿರವಾಗಿತ್ತು. ರಾಜ್ಯ ಒಂದು ಇಡಿಯಾದ ದೇಹ, ಅದರೊಳಗೆ ಗುಂಪು ಕಟ್ಟುವವನು ದೇಹ ಸೀಳುವವನು ಎಂಬ ಎಣಿಕೆ. 1679ರಿಂದ 1681ರವರೆಗೆ ಇಂಗ್ಲೆಂಡಿನ ಪಾರ್ಲಿಮೆಂಟು, ರಾಜನ ಕ್ಯಾಥೊಲಿಕ್ ತಮ್ಮನಿಗೆ ಪಟ್ಟ ತಪ್ಪಿಸಬೇಕೆ ಬೇಡವೆ ಎಂದು ಕಚ್ಚಾಡಿದಾಗ ವಿಗ್, ಟೋರಿ ಎಂಬ ಎರಡು ಬಣಗಳು ಎದ್ದವು. ಆ ಹೆಸರುಗಳನ್ನು ಅವರೇನೂ ಇಟ್ಟುಕೊಂಡದ್ದಲ್ಲ, ಎದುರಾಳಿಗಳು ಬೈದದ್ದು. ಟೋರಿ ಎಂದರೆ ಐರ್ಲೆಂಡಿನ ದರೋಡೆಕೋರ, ವಿಗ್ ಎಂದರೆ ಸ್ಕಾಟ್ಲೆಂಡಿನ ದಂಗೆಕೋರ. 1770ರಲ್ಲಿ ಪಾರ್ಲಿಮೆಂಟಿನ ಸದಸ್ಯ ಎಡ್ಮಂಡ್ ಬರ್ಕ್ ಪಾರ್ಟಿಯ ಪರವಾಗಿ ವಾದಿಸಿದ. ಒಂದು ತತ್ವವನ್ನು ಒಪ್ಪಿದವರು ದೇಶದ ಹಿತಕ್ಕಾಗಿ ಒಟ್ಟಾಗಿ ದುಡಿದರೆ ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ ಎಂಬುದು ಅವನ ನಿಲುವು. ಎಲ್ಲರೂ ಒಪ್ಪಲಿಲ್ಲ. 1796ರಲ್ಲಿ, ಅಧಿಕಾರ ಬಿಡುವ ಮುನ್ನ, ಅಮೆರಿಕದ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ತನ್ನ ದೇಶದವರಿಗೆ ಕೊಟ್ಟ ಎಚ್ಚರಿಕೆಗಳಲ್ಲಿ ಮುಖ್ಯವಾದದ್ದು ಪಾರ್ಟಿಯ ಹುಚ್ಚಿನ ಬಗ್ಗೆಯೇ. ಆತ ಹಾಗೆ ಹೇಳುವ ಹೊತ್ತಿಗಾಗಲೇ ಅವನ ಸಂಪುಟದಲ್ಲಿದ್ದವರೇ ಎರಡು ಪಾರ್ಟಿ ಆಗಿದ್ದರು.

ನಮ್ಮ ಸಂವಿಧಾನ 1950ರಲ್ಲಿ ಜಾರಿಗೆ ಬಂದಾಗ ಅದರಲ್ಲಿ ರಾಜಕೀಯ ಪಕ್ಷಗಳ ಪ್ರಸ್ತಾಪವೇ ಇರಲಿಲ್ಲ. ಅವು ಸಂವಿಧಾನದ ಪುಟ ಸೇರಿದ್ದು 1985ರಲ್ಲಿ, 52ನೇ ತಿದ್ದುಪಡಿ ತಂದ ಹತ್ತನೇ ಅನುಸೂಚಿಯ ಮೂಲಕ. ನಾವದನ್ನು ಪಕ್ಷಾಂತರ ನಿಷೇಧ ಕಾಯ್ದೆ ಎನ್ನುತ್ತೇವೆ. ಪಕ್ಷಕ್ಕೆ ಸಂವಿಧಾನದಲ್ಲಿ ಜಾಗ ಸಿಕ್ಕಿದ್ದೇ ಅದು ಒಡೆಯುತ್ತದೆ ಎಂಬ ಕಾರಣಕ್ಕೆ! ಒಡೆಯುವುದಕ್ಕೂ ಆ ಅನುಸೂಚಿ ಲೆಕ್ಕ ಇಟ್ಟಿತ್ತು. ಶಾಸಕರಲ್ಲಿ ಮೂರನೇ ಒಂದು ಭಾಗ ಒಟ್ಟಿಗೆ ಹೊರಬಂದರೆ ಅದು ಪಕ್ಷಾಂತರ ಅಲ್ಲ, ಪಕ್ಷದ ವಿಭಜನೆ, ಅದಕ್ಕೆ ಅನರ್ಹತೆ ಇಲ್ಲ ಎಂದಿತ್ತು. 2003ರ 91ನೇ ತಿದ್ದುಪಡಿ ಈ ರಿಯಾಯಿತಿಯನ್ನು ತೆಗೆದುಹಾಕಿತು. ಉಳಿದದ್ದು ಮೂರನೇ ಎರಡು ಭಾಗದವರು ಒಪ್ಪಿದರೆ ನಡೆಯುವ ವಿಲೀನ. ಪಾಲಿನ ಲೆಕ್ಕದಿಂದ ಹುಟ್ಟಿದ ಶಬ್ದಕ್ಕೆ ಪಾಲಿನ ಲೆಕ್ಕದಲ್ಲೇ ಕಡಿವಾಣ.

ಹಾಗಾದರೆ ತಿಂದುಂಡು ನಲಿಯುವ ಪಾರ್ಟಿ ಎಲ್ಲಿಂದ ಬಂತು? ಅದಕ್ಕೆ ದಾರಿ ಮಾಡಿಕೊಟ್ಟದ್ದು ದಂಡು ಮತ್ತು ಬೇಟೆ. ದೊಡ್ಡ ಸೈನ್ಯದಿಂದ ಒಂದು ಕೆಲಸಕ್ಕಾಗಿ ಬೇರೆ ಮಾಡಿ ಕಳಿಸಿದ ಸಣ್ಣ ತುಕಡಿ ಒಂದು ಪಾರ್ಟಿ. ನಮ್ಮ ‘ತುಕಡಿ’ಯಲ್ಲೂ ತುಂಡೇ ಇದೆ. ಕಾಡಿಗೆ ಬೇಟೆಗೆ ಹೊರಟವರು, ಕಳೆದುಹೋದವರನ್ನು ಹುಡುಕಲು ಹೊರಟವರು, ಸರಪಳಿ ಹಿಡಿದು ನೆಲ ಅಳೆಯಲು ಹೊರಟವರು, ಎಲ್ಲರೂ ಪಾರ್ಟಿಗಳೇ. ಮತಯಂತ್ರ ಹಿಡಿದು ಹೊರಡುವ ನಮ್ಮ ಶಾಲಾ ಮೇಷ್ಟ್ರು ಸೇರಿರುವುದು ಈ ಶಾಖೆಗೆ. ಕೆಲಸಕ್ಕೆ ಹೊರಟ ಗುಂಪಿಗಿದ್ದ ಹೆಸರು ನಿಧಾನವಾಗಿ ವಿಹಾರಕ್ಕೆ ಹೊರಟ ಗುಂಪಿಗೂ ಬಂತು. 18ನೇ ಶತಮಾನದ ಮೊದಲ ದಶಕಗಳ ಹೊತ್ತಿಗೆ, ಮನೆಯಲ್ಲಿ ನಾಲ್ಕು ಜನ ಸೇರಿ ಇಸ್ಪೀಟಾಡಿ ಚಹಾ ಕುಡಿಯುವುದೂ ಪಾರ್ಟಿ ಆಗಿತ್ತು.

ಜೇನ್ ಆಸ್ಟಿನ್ ಕಾದಂಬರಿಗಳಲ್ಲಿ ಈ ತಿರುವು ಕಣ್ಣಿಗೆ ಕಟ್ಟುತ್ತದೆ. ಅವಳ ಕಾಲಕ್ಕೆ ಪಾರ್ಟಿ ಎಂದರೆ ಸಮಾರಂಭವೂ ಹೌದು, ಅಲ್ಲಿಗೆ ಬಂದ ಜನರೂ ಹೌದು. 1815ರ ಕೊನೆಗೆ ಹೊರಬಂದ ‘ಎಮ್ಮಾ’ ಕಾದಂಬರಿಯಲ್ಲಿ ಊರ ಗಣ್ಯರೆಲ್ಲ ಬಾಕ್ಸ್ ಹಿಲ್ ಎಂಬ ಗುಡ್ಡಕ್ಕೆ ಹೋಗುವ ಪ್ರಸಂಗವಿದೆ. ಹವೆ ಚೆನ್ನಾಗಿದೆ, ಬುತ್ತಿ ಬಂದಿದೆ, ಕೊರತೆ ಏನೂ ಇಲ್ಲ. ಆದರೂ ಬಂದವರು ಒಂದಾಗುವುದೇ ಇಲ್ಲ. ಪಾದ್ರಿ ದಂಪತಿಗಳು ಒಂದು ಕಡೆ, ನೈಟ್ಲಿ ಜೊತೆಯವರು ಇನ್ನೊಂದು ಕಡೆ, ಎಮ್ಮಾಳ ಸುತ್ತಲಿನವರು ಮತ್ತೊಂದು ಕಡೆ. ಪಾರ್ಟಿಗೆ ಬಂದವರು ಪಾರ್ಟಿಗಳಾಗಿ ಒಡೆದುಹೋದರು ಎಂದು ಆಸ್ಟಿನ್ ಇದೇ ಶಬ್ದ ಬಳಸಿ ಹೇಳುತ್ತಾಳೆ. ಕೊನೆಗೆ ಎಮ್ಮಾ ಬಡ ಮಿಸ್ ಬೇಟ್ಸ್‌ಳನ್ನು ಎಲ್ಲರೆದುರು ಹಂಗಿಸಿ, ವಿಹಾರವೇ ಕೆಡುತ್ತದೆ. ಮದುವೆಮನೆಯಲ್ಲಿ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು, ಆಫೀಸಿನವರು ಎಂದು ಕುರ್ಚಿಗಳು ತಾವಾಗಿಯೇ ದ್ವೀಪಗಳಾಗುವುದನ್ನು ಕಂಡವರಿಗೆ ಈ ದೃಶ್ಯ ವಿವರಿಸಬೇಕಿಲ್ಲ.

ಲೋಕಪ್ರಸಿದ್ಧ ಪಾರ್ಟಿಯೊಂದರಲ್ಲಿ ಯಾರೂ ಏನೂ ಕುಡಿಯಲಿಲ್ಲ. 1773ರ ಡಿಸೆಂಬರ್ 16ರ ರಾತ್ರಿ ಅಮೆರಿಕದ ಬಾಸ್ಟನ್ ಬಂದರಿನಲ್ಲಿ, ತೆರಿಗೆಯ ವಿರುದ್ಧ ಸಿಡಿದೆದ್ದವರು ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಸುರಿದರು. ಆ ಕಾಲದವರು ಅದನ್ನು ಚಹಾ ನಾಶ ಎಂದೇ ಕರೆದರು. ‘ಟೀ ಪಾರ್ಟಿ’ ಎಂಬ ತಮಾಷೆಯ ಹೆಸರು ಚಾಲ್ತಿಗೆ ಬಂದದ್ದು ಸುಮಾರು ಅರ್ಧ ಶತಮಾನದ ನಂತರ, ಅದರಲ್ಲಿ ಭಾಗಿಯಾಗಿದ್ದವರು ಮುದುಕರಾಗಿದ್ದಾಗ. 2009ರಲ್ಲಿ ತೆರಿಗೆ ವಿರೋಧಿಗಳು ಅದೇ ಹೆಸರನ್ನು ಎತ್ತಿಕೊಂಡು ಚಳವಳಿ ಹೂಡಿದಾಗ, ಟೀ ಪಾರ್ಟಿ ನಿಜಕ್ಕೂ ರಿಪಬ್ಲಿಕನ್ ಪಾರ್ಟಿಯೊಳಗಿನ ಒಂದು ಬಣವಾಯಿತು. ಸುತ್ತಿ ಬಳಸಿ ಶಬ್ದ ತನ್ನ ಹಳೆಯ ಕಸುಬಿಗೇ ಮರಳಿತು.

ಭಾರತಕ್ಕೆ ತಿಂದುಂಡು ನಲಿಯುವ ಪಾರ್ಟಿ ಬಂದದ್ದು ಇಂಗ್ಲಿಷರ ಕ್ಲಬ್ಬು, ಬಂಗಲೆಗಳ ಮೂಲಕ. ಅಲ್ಲಿ ಬಾಗಿಲ ಬಳಿಯೇ ಗೆರೆ ಇತ್ತು. ಇ. ಎಂ. ಫಾರ್ಸ್ಟರ್ 1921ರಲ್ಲಿ ದೇವಾಸ್ ಸಂಸ್ಥಾನದ ಮಹಾರಾಜರ ಕಾರ್ಯದರ್ಶಿಯಾಗಿದ್ದು ಇದನ್ನೆಲ್ಲ ಹತ್ತಿರದಿಂದ ಕಂಡವನು. 1924ರ ಅವನ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯಲ್ಲಿ ಕಲೆಕ್ಟರ್ ಒಂದು ‘ಬ್ರಿಡ್ಜ್ ಪಾರ್ಟಿ’ ಏರ್ಪಡಿಸುತ್ತಾನೆ. ಇಸ್ಪೀಟಿನ ಬ್ರಿಡ್ಜ್ ಅಲ್ಲ, ಎರಡು ಜನಾಂಗಗಳ ನಡುವೆ ಸೇತುವೆ ಕಟ್ಟುವ ಪಾರ್ಟಿ. ಆದದ್ದೇನು? ಭಾರತೀಯರು ಟೆನಿಸ್ ಅಂಗಳದ ಆ ತುದಿಯಲ್ಲಿ ಗುಂಪಾಗಿ ನಿಂತರು, ಇಂಗ್ಲಿಷರು ಈ ತುದಿಯಲ್ಲಿ. ಸೇತುವೆಗಿಂತ ಹೊಳೆಯೇ ಎದ್ದು ಕಂಡಿತು. ಮೈಸೂರಿನ ಒಡೆಯರ ದಸರೆಯಲ್ಲೂ ಯುರೋಪಿಯನ್ ಅತಿಥಿಗಳಿಗೆಂದು ಪ್ರತ್ಯೇಕ ದರ್ಬಾರು ನಡೆಯುತ್ತಿತ್ತು. ಬೆಂಗಳೂರಿನಲ್ಲಿ ಭಾರತೀಯರು ಸೇರಲು ತಮ್ಮದೇ ಕ್ಲಬ್ಬು ಇರಲಿ ಎಂದು ದಿವಾನ್ ವಿಶ್ವೇಶ್ವರಯ್ಯನವರು 1917ರಲ್ಲಿ ಸೆಂಚುರಿ ಕ್ಲಬ್ ಕಟ್ಟಿದರು.

ಇದನ್ನೆಲ್ಲ ಓದಿ ‘ಬಿಳಿಯರದ್ದು ಒಡೆಯುವ ಪಾರ್ಟಿ, ನಮ್ಮದು ಕೂಡಿಸುವ ಕೂಟ’ ಎಂದು ಬೀಗಬೇಕೆನಿಸಬಹುದು. ಕನ್ನಡದಲ್ಲಿ ಅದಕ್ಕೆ ಆಧಾರವೂ ಇದೆ. ಕೂಟ ಬಂದದ್ದು ‘ಕೂಡು’ವಿನಿಂದ. ಔತಣಕೂಟ, ಸಂತೋಷಕೂಟ, ಒಕ್ಕೂಟ, ಅಮೆರಿಕದಲ್ಲಿ ನೆಲೆಸಿದವರು ಊರೂರಲ್ಲಿ ಕಟ್ಟಿಕೊಂಡ ಕನ್ನಡ ಕೂಟಗಳು, ಎಲ್ಲದರಲ್ಲೂ ಸೇರುವುದೇ ಇದೆ. ಆದರೆ ಊಟದ ಮನೆಯ ಕಥೆ ಬೇರೆ. ಪಂಕ್ತಿಭೇದ ಎಂಬ ಶಬ್ದವನ್ನು ನಾವು ಇಂಗ್ಲಿಷಿನಿಂದ ತಂದುಕೊಂಡಿಲ್ಲ. ಅದೇ 1917ರಲ್ಲಿ ಕೇರಳದ ಚೆರಾಯಿಯಲ್ಲಿ ಸಮಾಜ ಸುಧಾರಕ ಸಹೋದರನ್ ಅಯ್ಯಪ್ಪನ್ ಬೇರೆ ಬೇರೆ ಜಾತಿಯವರನ್ನು ಒಂದೇ ಸಾಲಿನಲ್ಲಿ ಕೂರಿಸಿ ಊಟ ಹಾಕಿಸಿದಾಗ, ಅವರ ಸಮುದಾಯದವರೇ ಅವರಿಗೆ ಬಹಿಷ್ಕಾರ ಹಾಕಿದರು.

ರಾಜಕೀಯಕ್ಕೆ ನಾವು ಆರಿಸಿಕೊಂಡ ಶಬ್ದಗಳೂ ಲ್ಯಾಟಿನ್ನಿನ ಹಾದಿಯನ್ನೇ ಹಿಡಿದಿವೆ. ‘ದಳ’ದ ಸಂಸ್ಕೃತ ಧಾತುವಿಗೆ ಒಡೆ, ಬಿರಿ, ಸೀಳು ಎಂದರ್ಥ. ಒಡೆದರೆ ಎರಡು ಹೋಳಾಗುವುದು ದ್ವಿದಳ ಧಾನ್ಯ. ಹಿಂದಿಯ ದಾಲ್ ಕೂಡ ಅದೇ. ಬೇಳೆಗೂ ಜನತಾದಳಕ್ಕೂ ಧಾತು ಒಂದೇ ಎಂದರೆ ಯಾರೂ ಮುನಿಸಿಕೊಳ್ಳಬಾರದು, ಅದು ವ್ಯಾಕರಣ. ಪಂಗಡದೊಳಗೆ ಪಾಲು ಎಂಬರ್ಥದ ‘ಪಂಗು’ ಇದೆ. ಪಾರ್ಟ್ನರ್‌ಗೆ ನಾವೆನ್ನುವುದು ಪಾಲುದಾರ. ಸಭೆಯಲ್ಲಿ ಪಾಲ್ಗೊಳ್ಳುವುದೆಂದರೆ ಪಾಲು ಕೊಳ್ಳುವುದು.

ಎಲ್ಲಕ್ಕಿಂತ ಮಿಗಿಲಾದದ್ದು ‘ಪಕ್ಷ’. ಮೂಲದಲ್ಲಿ ರೆಕ್ಕೆ, ಪಕ್ಕ. ತಿಂಗಳನ್ನು ಎರಡು ಮಾಡಿದರೆ ಶುಕ್ಲಪಕ್ಷ, ಕೃಷ್ಣಪಕ್ಷ. ವಾದದಲ್ಲಿ ಒಂದು ಬದಿ ಪೂರ್ವಪಕ್ಷ. ಒಂದು ಬದಿಗೆ ವಾಲಿದರೆ ಪಕ್ಷಪಾತ. ಇಂಗ್ಲಿಷಿನಲ್ಲೂ ವಾಲುವವನು ‘ಪಾರ್ಷಿಯಲ್’, ಅದೂ ಪಾರ್ಸ್‌ನ ಮಗುವೇ. ಇಷ್ಟು ಹೋಲಿಕೆ ಸಾಲದೆಂಬಂತೆ, ಹಳೆಯ ಮೈಸೂರಿನ ಹಳ್ಳಿಗಳಲ್ಲಿ ‘ಪಕ್ಷ’ ಎಂದರೆ ಊಟವೂ ಹೌದು. ಮಹಾಲಯ ಅಮಾವಾಸ್ಯೆಯ ಸುಮಾರಿಗೆ ಹಿರಿಯರಿಗೆ ಎಡೆ ಇಟ್ಟು, ನೆಂಟರಿಷ್ಟರನ್ನು ಕರೆದು, ಅನೇಕ ಮನೆಗಳಲ್ಲಿ ಬಾಡೂಟವನ್ನೇ ಮಾಡುವ ಹಬ್ಬಕ್ಕೆ ಪಕ್ಷ ಎಂದೇ ಹೆಸರು. ‘ನಮ್ಮನೇಲಿ ಪಕ್ಷ, ಬಂದ್ಬುಡಪ್ಪ’ ಎಂದು ಕರೆಯುವ ಅಜ್ಜಿಗೆ ಲ್ಯಾಟಿನ್ ಗೊತ್ತಿಲ್ಲ. ಆದರೆ ಭಾಗ ಎಂಬರ್ಥದ ಒಂದು ಶಬ್ದ, ರಾಜಕೀಯ ಗುಂಪನ್ನೂ ಒಟ್ಟಿಗೆ ಕೂತು ಉಣ್ಣುವುದನ್ನೂ ಸೂಚಿಸುವಷ್ಟು ದೂರ ಅವಳ ನುಡಿಯಲ್ಲೂ ನಡೆದಿದೆ. ಲ್ಯಾಟಿನ್ನಿನಿಂದ ಕಡ ತರದೆ, ತನ್ನದೇ ಕಾಲುದಾರಿಯಲ್ಲಿ.

ಕನ್ನಡಿಗರ ಬಾಯಿಗೆ ಬಂದ ಮೇಲೆ ಪಾರ್ಟಿ ಇನ್ನಷ್ಟು ಬದಲಾಗಿದೆ. ಬ್ರೋಕರನ ‘ಒಳ್ಳೇ ಪಾರ್ಟಿ’ಗೆ ಫ್ರಾನ್ಸಿನಲ್ಲಿ ಒಬ್ಬ ನೆಂಟನಿದ್ದಾನೆ. ಮದುವೆಗೆ ತಕ್ಕ, ಆಸ್ತಿವಂತ ಗಂಡಿಗೋ ಹೆಣ್ಣಿಗೋ ಫ್ರೆಂಚರು ‘ಬೋ ಪಾರ್ತಿ’ ಎನ್ನುತ್ತಾರೆ, ಅಂದರೆ ಒಳ್ಳೇ ಪಾರ್ಟಿ. ಕಿಟ್ಟಿ ಪಾರ್ಟಿಯಲ್ಲಿ ಎಲ್ಲರೂ ತಿಂಗಳಿಗಿಷ್ಟು ಎಂದು ಹಾಕಿ, ಸರದಿಯಂತೆ ಒಬ್ಬರು ಮೊತ್ತ ಎತ್ತುತ್ತಾರೆ. ಚೀಟಿ ವ್ಯವಹಾರಕ್ಕೆ ಚಹಾ ತಿಂಡಿ ಸೇರಿಸಿದ ಹಾಗೆ. ಅಲ್ಲಿ ಪಾಲು ಎಂಬ ಮೂಲಾರ್ಥ ಲೆಕ್ಕದ ಪುಸ್ತಕದಲ್ಲೇ ಇದೆ.

ಇನ್ನು ‘ಪಾರ್ಟಿ ಯಾವಾಗ?’ ಎಂಬ ಪ್ರಶ್ನೆ. ಬಡ್ತಿ ಸಿಕ್ಕವನು, ಬೈಕು ತಂದವನು, ಮಗುವಾದವನು, ಸೈಟು ಮಾರಿದವನು, ಯಾರಿಗೆ ಏನು ಒದಗಿತೋ ಅವನೇ ಎಲ್ಲರಿಗೂ ತಿನ್ನಿಸಬೇಕು ಎಂಬುದು ನಮ್ಮ ನಿಯಮ. ಕೇಳುವವರ ದನಿಯಲ್ಲಿ ಸಂಕೋಚ ಇರುವುದಿಲ್ಲ. ಇದ್ದರೆ ಹಕ್ಕಿನ ಒತ್ತಾಯ. ನಿನಗೆ ಬಂದದ್ದರಲ್ಲಿ ನಮಗೂ ಒಂದು ಪಾಲು ಇದೆ ಎಂಬುದೇ ಆ ಹಕ್ಕು. ಏಳುನೂರು ವರ್ಷಗಳ ಹಿಂದೆ ಈ ಶಬ್ದ ಇಂಗ್ಲಿಷಿಗೆ ಬಂದಾಗ ಏನನ್ನು ಹೇಳುತ್ತಿತ್ತೋ, ಬೈಕಿನ ಸುತ್ತ ನಿಂತ ಹುಡುಗರು ಗೊತ್ತಿಲ್ಲದೆಯೇ ಅದನ್ನೇ ಹೇಳುತ್ತಿದ್ದಾರೆ.

ಒಂದು ಗುಂಪು ಎಲ್ಲರನ್ನೂ ಒಳಗೊಳ್ಳಲಾರದು. ಕಾರ್ಡು ಹಂಚುವಾಗ ಯಾರೋ ಬಿಟ್ಟುಹೋಗುತ್ತಾರೆ, ಸಾಲು ಹಾಕುವಾಗ ಎಲ್ಲೋ ಒಂದು ಕಡೆ ಸಾಲು ಮುಗಿಯುತ್ತದೆ. ಪಾರ್ಟಿಯ ಬೇರು ನೆನಪಿಸುವುದು ಇದನ್ನೇ. ಆದರೆ ಗೆರೆಯನ್ನು ಎಳೆದವರು ಯಾರು, ಅಳಿಸುವ ಅವಕಾಶ ಯಾರಿಗಿದೆ ಎಂಬುದರಲ್ಲಿ ಕ್ಲಬ್ಬಿನ ಬಾಗಿಲಿಗೂ ಚೆರಾಯಿಯ ಊಟದ ಸಾಲಿಗೂ ವ್ಯತ್ಯಾಸವಿದೆ. ಕನ್ನಡದ ‘ಹಂಚು’ ಕ್ರಿಯಾಪದ ಈ ವ್ಯತ್ಯಾಸವನ್ನು ಬಲ್ಲದು. ಊರು ಎರಡು ಬಣಗಳಾಗಿ ಹಂಚಿಹೋಗುತ್ತದೆ. ಅದೇ ಊರಿನವರು ತಂದ ಬುತ್ತಿಯನ್ನು ಹಂಚಿಕೊಂಡು ತಿನ್ನುತ್ತಾರೆ. ಮೊದಲನೆಯದು ತಾನಾಗಿಯೇ ಆಗಿಬಿಡುತ್ತದೆ. ಎರಡನೆಯದಕ್ಕೆ ಯಾರಾದರೂ ಮುಂದಾಗಿ ಕೈ ನೀಡಬೇಕು.